ಒಂದೇ ರಕ್ತ, ಎರಡು ಅಂಕಿ

ಲೀಡ್ಸ್. ಬೆಳಗಿನ ಮಾತ್ರೆಗೆ ಮುಂಚಿನ ರಕ್ತ,
ನೇರಳೆ ಮುಚ್ಚಳ. ಮಾರೀನ್ ಹೆಸ್ಕೆತ್:
ಕಿಬ್ಬೊಟ್ಟೆಯಲ್ಲಿ ತಮ್ಮನ ಕಿಡ್ನಿ.

ಹಳೆಯ ಯಂತ್ರ ಒಂಬತ್ತು ಅಂದಿತು.
ಅದಕ್ಕೆ ಮುಖ ನೋಡಿ ಗುರುತು ಹಿಡಿವ ಚಾಳಿ;
ಔಷಧದ ಮುರುಕು ಚೂರನ್ನೂ
ಅದೇ ಮೂಗು, ಅದೇ ಹುಬ್ಬು ಅಂತ
ಒಳಗೆ ಕರೆದು ಎಣಿಸುತ್ತದೆ,
ಮದುವೆಮನೆಯ ಮಂಜುಗಣ್ಣಿನ ಅಜ್ಜಿ.

ಹೊಸದು ಒಡೆದು ತೂಗುತ್ತದೆ. ಏಳು.

ಒಂಬತ್ತನ್ನು ನಂಬಿ ಮಾತ್ರೆ ಇಳಿಸಿದರೋ
ಮೈಯೊಳಗಿನ ಕಾವಲು ತೂಕಡಿಕೆ ಬಿಟ್ಟು
ತಮ್ಮನನ್ನೇ ಕಳ್ಳನೆಂದು ಹಿಡಿದೀತು.

ನಲವತ್ತು ಜನ, ನಲವತ್ತು ಚುಕ್ಕಿ;
ಗ್ರಾಫಿನ ಗೆರೆಯ ಮೇಲೆ ಒಂದೂ ಕೂರಲಿಲ್ಲ.
ಅಳೆದೂ ಸುರಿದೂ ಕೊನೆಗೆ
ಎರಡನ್ನೂ ಬರೆದೆ, ಪಕ್ಕದಲ್ಲಿ ಯಂತ್ರದ ಹೆಸರು.

ಚೀಟಿಯ ಮೂಲೆಯಲ್ಲಿ ಅವಳದೇ ಪೆನ್ಸಿಲು:
"ನಿನ್ನೆ ರಾತ್ರಿ ಮಾತ್ರೆ ಹತ್ತು ನಿಮಿಷ ತಡ.
ಫೋನಿನಲ್ಲಿ ತಮ್ಮ ಇದ್ದ."