ಮೂರು, ಬಿಡುವು, ಒಂದು

ಎಂಟು ನಿಮಿಷ ಕ್ಯಾಸೆಟ್ಟು ಕಿರುಚಬೇಕು ಮೊದಲು,
ಬೆಕ್ಕಿನ ಬಾಲದ ಮೇಲೆ ಯಾರೋ ಕುರ್ಚಿ ಎಳೆದ ಹಾಗೆ.
"ತಾಳು ಲಿಯೆನ್, ಗಣಿಯ ಬಾಗಿಲಿಗೆ ತುಕ್ಕು ಹಿಡಿದಿದೆ"
ಅನ್ನುತ್ತಿದ್ದರು ಮೊರಾವೆಕ್ ಅಜ್ಜ, ಚಹಾಕ್ಕೆ ನಿಂಬೆ ಹಿಂಡುತ್ತ.

ಒಸ್ತ್ರವಾದ ಆರನೇ ಮಹಡಿ. ನೆಲಮಹಡಿಯಲ್ಲಿ ನಮ್ಮ ಅಂಗಡಿ:
ಬಿಯರು, ಬ್ರೆಡ್ಡು, ನೂಡಲ್ಸು, ರಾತ್ರಿ ಹತ್ತರವರೆಗೆ ಅಮ್ಮ.
ನನಗೆ ಹನ್ನೊಂದು. ಶಾಲೆಯಲ್ಲಿ ಎಲ್ಲರ ಫೋನಿನಲ್ಲೂ
ಕೂದಲೆಳೆ ಕೂಡ ಗಾಳಿಗೆ ಅಲುಗುವ ಆಟಗಳು.
ಇಲ್ಲಿ ಹಸಿರು ಪರದೆ, ಎಂಟು ಚುಕ್ಕಿಯ ಒಬ್ಬ ಮನುಷ್ಯ;
ತಲೆಗೆ ಒಂದು ಚುಕ್ಕಿ, ದೀಪಕ್ಕೆ ಒಂದು,
ಮಿಕ್ಕ ಆರರಲ್ಲೇ ಅವನು ಹೆದರಬೇಕು, ಹಾರಬೇಕು, ಬೀಳಬೇಕು.

ಬಿದ್ದೆ. ನೂರು ಸಲ ಬಿದ್ದೆ.
ಕುಂಟೆಬಿಲ್ಲೆಯ ಹಾಗಲ್ಲ, ಇಲ್ಲಿ ಗೆರೆ ತುಳಿದರೆ ನೀರು,
ನೀರಿನ ಕೆಳಗೆ ಮತ್ತೊಂದು ಕೋಣೆ,
ಕೋಣೆಯಲ್ಲಿ ಕಣ್ಣು ಕಾಣದ ಕುದುರೆ;
ಸಕ್ಕರೆ ಕೊಟ್ಟರೆ ಅದು ಗೋಡೆಯೊಳಗೆ ನಡೆದುಹೋಗುತ್ತದೆ.
ಅದರ ಬಾಲ ಹಿಡಿದೇ ನಲವತ್ತನೇ ಕೋಣೆ ಕಂಡದ್ದು.
ಗೋಡೆಗೂ ಕಿವಿಯಿದ್ದ ಕಾಲದಲ್ಲಿ ಬರೆದೆ,
ಅದಕ್ಕೇ, ಅಂದರು ಅಜ್ಜ, ಗೋಡೆಗೆಲ್ಲ ಬಾಗಿಲು ಇಟ್ಟೆ.

ನಲವತ್ತೊಂದನೆಯದು ಮಾತ್ರ ತೆರೆಯಲಿಲ್ಲ.
"ಏನಿದೆ ಅದರಾಚೆ?"
ನಿಂಬೆ ಸಿಪ್ಪೆ ಮಡಚಿದರು, ಬಿಡಿಸಿದರು.
"ಮರೆತಿದೆ ಮಗು. ಎಂಬತ್ತೇಳರ ಚಳಿಗಾಲ.
ಹೆಂಡತಿ ಊಟಕ್ಕೆ ಕರೆಯುತ್ತಿದ್ದಳು,
ಮೂವತ್ತು ಬೈಟು ಜಾಗ ಉಳಿದಿತ್ತು."
ಚೌಕುಳಿ ಹಾಳೆಯ ನಕ್ಷೆ ಹುಡುಕಿ ತಂದರು;
ನಲವತ್ತೊಂದರ ಮೇಲೆ ಸರಿಯಾಗಿ ಸಾರಿನ ಕಲೆ.
ನಾನು ನಂಬಲಿಲ್ಲ. ತಾನೇ ಹೂತ ಎಲುಬು ಮರೆಯುವುದು
ನಾಯಿ, ಮನುಷ್ಯನಲ್ಲ.

ಯೋಚಿಸುವಾಗ ಅಜ್ಜನ ಬೆರಳು ಮೇಜು ಬಡಿಯುತ್ತದೆ.
ಅವರಿಗದು ಗೊತ್ತಿಲ್ಲ.
ಟಕ್ ಟಕ್ ಟಕ್. ಬಿಡುವು. ಟಕ್.
ಯಾಕೋ ಆ ತಾಳಕ್ಕೇ ಹಾರಿಸಿದೆ ಎಂಟು ಚುಕ್ಕಿಯವನನ್ನು:
ಮೂರು ಸಲ. ಬಿಡುವು. ಒಂದು ಸಲ.
ಗೋಡೆ ಸರಿಯಿತು, ಸದ್ದಿಲ್ಲದೆ;
ಸದ್ದಿಗೆ ಬೈಟು ಸಾಲದೆ ಹೋಗಿರಬೇಕು.

ನಿಧಿ ಇರಲಿಲ್ಲ.
ಪುಟ್ಟ ಚೌಕ, ಒಂದು ಸ್ಟೂಲು, ಅದರ ಮೇಲೆ ಇನ್ನೊಬ್ಬ,
ದೀಪವಿಲ್ಲದವನು, ಏಳೇ ಚುಕ್ಕಿ, ಕೈ ಸನ್ನೆಗೋಲಿನ ಮೇಲೆ.
ಅಜ್ಜ ಕನ್ನಡಕ ತೆಗೆದು ಪರದೆಗೆ ಮೂಗು ತಾಗಿಸಿದರು.
ಬಹಳ ಹೊತ್ತು.
"ಓ, ಇವನಾ" ಅಂದರು.

ಇಪ್ಪತ್ತಾರು ವರ್ಷ ಗಣಿಯ ಬಾಯಲ್ಲಿ ಕೂತು
ಗಂಟೆ ಹೇಳಿದ ಹಾಗೆ ಪಂಜರ ಇಳಿಸಿದವರು, ಏರಿಸಿದವರು.
ಮೂರು ಮತ್ತೊಂದು ಎಂದರೆ: ಒಳಗೆ ಜೀವಗಳಿವೆ, ಮೆಲ್ಲಗೆ.
ಒಮ್ಮೆಯೂ ತಾವು ಇಳಿದವರಲ್ಲ.
ಕುದುರೆಯ ಸುದ್ದಿ, ನೀರಿನ ಸುದ್ದಿ, ಎಲ್ಲ
ಮೇಲೆ ಬಂದವರು ಕೆಮ್ಮಿನ ನಡುವೆ ಹೇಳಿದ್ದು;
ಸಂಜೆ ಮನೆಗೆ ಬಂದು
ಒಂದೊಂದಕ್ಕೂ ಒಂದೊಂದು ಕೋಣೆ ಕಟ್ಟಿ ಇಟ್ಟರು.
ಕಟ್ಟಕಡೆಗೆ, ಸಾರು ಆರುವ ಮುಂಚೆ, ತಮ್ಮನ್ನೂ.

"ಇಲ್ಲಿಂದ ಮೇಲೆ ಬರುವುದು ಹೇಗೆ?"
"ಬರೆದಿಲ್ಲ" ಅಂದರು.

ಆಗ ಬಿಸಿನೀರಿನ ಕೊಳವೆಗೆ ಕೆಳಗಿನಿಂದ ಅಮ್ಮ ಸೌಟು ಬಡಿದಳು,
ಎರಡು ಸಲ. ಊಟಕ್ಕೆ ಬಾ.
ಆರು ಮಹಡಿ ಹತ್ತಿ ಬಂದ ಸದ್ದು.
ಬೂಟು ಹಾಕಿಕೊಂಡು ಬಾಗಿಲಲ್ಲಿ ತಿರುಗಿ ನೋಡಿದೆ:
ಅಜ್ಜ ಪರದೆ ನೋಡುತ್ತಿರಲಿಲ್ಲ.
ಅವರ ಬಲಗೈ, ಇಲ್ಲದ ಸನ್ನೆಗೋಲೊಂದನ್ನು ಹಿಡಿದು
ಮೆಲ್ಲಗೆ, ಬಹಳ ಮೆಲ್ಲಗೆ, ಮುಂದಕ್ಕೆ ತಳ್ಳುತ್ತಿತ್ತು.

ಲಿಫ್ಟು ಕೆಟ್ಟಿತ್ತು ಆ ವಾರ.
ಮೆಟ್ಟಿಲಲ್ಲೇ ಇಳಿದೆ,
ಒಂದನ್ನೂ ಹಾರದೆ.