ಅಜೀರ್ಣ

ಬಾಗಿಲು ತೆಗೆದರೆ ಗಪ್ಪೆಂದು ವಾಸನೆ.
ಭಾನುವಾರದ ಕೋಳಿಸಾರು, ಸೋಮವಾರದ ಬಸ್ಸಾರು,
ನಡುವೆ ಎಲ್ಲೋ ಒದ್ದೆ ಬಟ್ಟೆ ಮರೆತ ಹಾಗೆ.
ತೊಳೆದ ಲೋಟಗಳಿಗೆಲ್ಲ ಬಿಳಿ ಪೊರೆ,
ಕಣ್ಣಾಸ್ಪತ್ರೆಯ ಮುಂದೆ ಸಾಲಾಗಿ ಕೂತ ಮುದುಕರಂತೆ.

ಮೈಸೂರಾದರೂ ಹೆಬ್ಬಾಳಿನ ಈ ಬೀದಿಗೆ
ಕಾವೇರಿ ದಿನ ಬಿಟ್ಟು ದಿನ.
ಉಳಿದ ದಿನ ಬೋರ್‌ವೆಲ್ಲು,
ಕಾಯಿಸಿದರೆ ತಳಕ್ಕೆ ಸುಣ್ಣ ಬಳಿಯುವ ನೀರು.

ಈ ಡಿಶ್‌ವಾಶರ್ ಬಂದದ್ದು ನನ್ನ ಕೈಗಳ ದೆಸೆಯಿಂದ.
ಸೋಪು ತಾಗಿದರೆ ಬೆರಳ ಸಂದೆಲ್ಲ ಬಿರುಕು,
ಹಳೆಯ ಪಿಂಗಾಣಿ ಬಟ್ಟಲಿನ ಹಾಗೆ.
"ನೀರಿನ ಕೆಲಸ ಬಿಡಿ" ಎಂದರು ಚರ್ಮದ ಡಾಕ್ಟರು.
ನೀರಿನದಲ್ಲದ ಕೆಲಸ ಅಡುಗೆಮನೆಯಲ್ಲಿ ಯಾವುದೆಂದು
ಚೀಟಿಯಲ್ಲಿ ಬರೆಯಲಿಲ್ಲ.

ಅತ್ತೆ ನಿಂಗಾಜಮ್ಮ, ಬಸರಾಳಿನ ಕಡೆಯವರು,
ಅದನ್ನು ಹೆಸರು ಹಿಡಿದು ಕರೆದದ್ದಿಲ್ಲ.
"ಅದು" ಎನ್ನುತ್ತಾರೆ,
ಮಾತು ಬಿಟ್ಟ ಪಕ್ಕದ ಮನೆಯವರನ್ನು ಅಂದ ಹಾಗೆ.
ಅದರೊಳಗಿಡುವ ಮೊದಲು ತಟ್ಟೆ ತೊಳೆಯುತ್ತಾರೆ,
ಅದು ತೊಳೆದ ಮೇಲೆ ಇನ್ನೊಮ್ಮೆ ತೊಳೆಯುತ್ತಾರೆ.
ತಮ್ಮ ಕಾಫಿ ಲೋಟವನ್ನಂತೂ
ಅದಕ್ಕೆ ತೋರಿಸಿದವರೇ ಅಲ್ಲ.

ಹದಿನೈದು ದಿನ ಮದ್ದೂರಿನ ಮಗಳ ಮನೆಗೆ ಹೋಗಿದ್ದರು.
ನಾನು ಎಂಜಲು ತಟ್ಟೆಗಳನ್ನು ಹಾಗ್ಹಾಗೇ ಒಳಗೆ ತಳ್ಳಿದ್ದೆ.
ಮಂಗಳವಾರ ಬಂದವರು ಬ್ಯಾಗು ಕೆಳಗಿಡುವ ಮೊದಲೇ ಮೂಗರಳಿಸಿ,
ಬಗ್ಗಿ, ಅದರ ಬಾಗಿಲೊಳಗೆ ತಲೆ ತೂರಿಸಿ,
ಮಗುವಿನ ಬಾಯಿ ಮೂಸಿದ ಹಾಗೆ ಮೂಸಿದರು.
"ಹೊಟ್ಟೆ ಕೆಟ್ಟದೆ ಕಣವ್ವ ಇದ್ಕೆ. ಏನ್ ತಿನ್ಸಿದ್ದೀಯೆ?"

ಇಬ್ಬರೂ ನೆಲಕ್ಕೆ ಕೂತೆವು. ಟಾರ್ಚು ಅವರ ಕೈಲಿ.
ತಳದ ಜರಡಿ ತಿರುಗಿಸಿ ಎತ್ತಿದರೆ
ಸಾಸಿವೆ, ಕರಿಬೇವಿನ ನರ, ಸಿಮೆಂಟಾದ ಮುದ್ದೆ,
ಹೊಸ ಸ್ಟೀಲು ತಟ್ಟೆಯ ಅಂಟುಚೀಟಿ,
ಬೆರಳುದ್ದದ ಒಂದು ಕೋಳಿಮೂಳೆ.
ಅದು ಅವರ ಮಗನ ತಟ್ಟೆಯದು.
ಇಬ್ಬರೂ ಹೆಸರೆತ್ತಲಿಲ್ಲ.
ಹಳೇ ಬ್ರಶ್ಶಿಗೆ ನಾನು ಕೈ ಚಾಚಿದರೆ
"ನೀ ಮುಟ್ಬ್ಯಾಡ" ಎಂದು ತಾವೇ ತಿಕ್ಕಿದರು.

ಮದ್ದು ಅವರಿಗೆ ಗೊತ್ತಿದ್ದದ್ದೇ:
ನಿಂಬೆಹಣ್ಣು, ಸೋಡಾಪುಡಿ.
ಬೀಗರೂಟ ಉಂಡು ಉಬ್ಬರಿಸಿದ ಹೊಟ್ಟೆಗಳಿಗೆಲ್ಲ
ಈವರೆಗೆ ಅವರು ಕೊಟ್ಟದ್ದು ಇಷ್ಟೇ.
ನಿಂಬೆ ಎರಡೇ ಇತ್ತು.
ಗೋಬಿ ಮಂಚೂರಿಗೆಂದು ತಂದ ವಿನೆಗರ್ ನೆನಪಾಗಿ ತೆಗೆದೆ.
ಮುಚ್ಚಳ ಮೂಸಿ, "ಇದೂ ಹುಳೀನೇ, ನಡೀತದೆ" ಎಂದರು.

ಬಟ್ಟಲಿಗೆ ಸುರಿದು ಮೇಲಿನ ಸಾಲಲ್ಲಿಟ್ಟು,
ಬೇರೇನೂ ಇಡದೆ, ಬಿಸಿನೀರಿನ ಗುಂಡಿ ಒತ್ತುವಾಗ
ಸೋಡಾ ಚಮಚ ಹಿಡಿದು ಮುಂದಾದೆ. ತಡೆದರು.
"ಎರಡ್ನೂ ಒಟ್ಗೆ ಬುಡಬ್ಯಾಡ.
ಬುಸುಬುಸು ನೊರೆ ಬತ್ತದೆ, ನೋಡಕ್ಕೆ ಚೆಂದ.
ಕಿತ್ತಾಡ್ಕಂಡು ಎರಡೂ ಸಪ್ಪೆ ಆಯ್ತವೆ, ಕೆಲ್ಸ ಆಗಕಿಲ್ಲ.
ಹುಳಿ ಮೊದ್ಲು ಹೋಗ್ಬರ್ಲಿ. ಸೋಡ ಆಮ್ಯಾಕೆ."

ಹನ್ನೊಂದು ವರ್ಷದಿಂದ ಅವರದೇ ಒಲೆಯ ಮುಂದಿರುವ ನಾನು
ಚಮಚವನ್ನು ಡಬ್ಬಿಗೆ ವಾಪಸು ಹಾಕಿದೆ.

ಒಳಗೆ ನೀರು ಅಪ್ಪಳಿಸತೊಡಗಿತು.
ಬಸ್ಸಿನಲ್ಲಿ ಹಿಡಿದುಕೊಂಡ ಸೊಂಟವನ್ನು ಅದರ ಬಾಗಿಲಿಗೆ ಒರಗಿಸಿ
"ಬೆಚ್ಚಗದೆ" ಎಂದರು.
ಮೊಮ್ಮಗಳಿಗೆ ಹಲ್ಲು ಬಿದ್ದದ್ದು,
ಅಳಿಯ ಮೀಸೆ ತೆಗೆಸಿದ್ದು,
ತಿಕ್ಕಲಾರದೆ ಮಗಳು ಹಿತ್ತಾಳೆ ಬಿಂದಿಗೆ ಮಾರಿದ್ದು,
ಎಷ್ಟಕ್ಕೆ ಎಂದು ಹೇಳುವಷ್ಟರಲ್ಲಿ
ನಿದ್ದೆ.

ರಾತ್ರಿಯಿಡೀ ಸೋಡ ತಳದಲ್ಲಿತ್ತು.
ಬೆಳಿಗ್ಗೆ ಇನ್ನೊಂದು ಸುತ್ತು ನೀರು. ತೆಗೆದರೆ
ಒಳಗೋಡೆಯಲ್ಲಿ ಮಸುಕಾಗಿ ಎರಡು ಮುಖ.

ಕಾಫಿ ಕುಡಿದು
ಖಾಲಿ ಲೋಟವನ್ನು ಬಹಳ ಹೊತ್ತು ತಿರುಗಿಸುತ್ತ ಕೂತವರು
ತಳದ ಗಸಿಯೂ ಇದ್ದ ಹಾಗೇ
ಮೇಲಿನ ಸಾಲಿನ ಮೂಲೆಯಲ್ಲಿ ಬೋರಲು ಹಾಕಿದರು.
ನೋಡದವಳಂತೆ ನಾನು ಕೊತ್ತಂಬರಿ ಬಿಡಿಸಿದೆ.

ಮಧ್ಯಾಹ್ನ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು.
ಕಂಠದ ಬಳಿ ಒಂದೆರಡು ಬಿಳಿ ಚುಕ್ಕೆ.
ಸೆರಗಿನಲ್ಲಿ ಒರೆಸಿ, ಮತ್ತೆ ಹಿಡಿದು,
ಅಂಗೈಗೆ ಬಿಟ್ಟ ಸಾರು ನೆಕ್ಕಿದವರ ಹಾಗೆ ಬಾಯಿ ಚಪ್ಪರಿಸಿ
"ಉಪ್ಪು ಸಾಲ್ದು ಕಣವ್ವ ಇದ್ಕೆ" ಎಂದರು.

ನಿಜವೇ.
ಉಪ್ಪು ಮುಗಿದಿದೆಯೆಂಬ ಕೆಂಪು ದೀಪ
ವಾರದಿಂದ ಉರಿಯುತ್ತಲೇ ಇತ್ತು.