ಟೋಪಿ ಎಣಿಸುವವನು

ಮನುಷ್ಯರನ್ನು ಎಣಿಸಬಾರದು ಅನ್ನುತ್ತಾರೆ ನಮ್ಮಲ್ಲಿ,
ದೃಷ್ಟಿಯಾಗುತ್ತದಂತೆ. ಅದಕ್ಕೇ ಅಪ್ಪ
ಟೋಪಿಗಳನ್ನು ಎಣಿಸುತ್ತಾನೆ.
ಈ ಸಲ ಕುತಾಯಿಸಿಯಲ್ಲಿ, ಹಬ್ಬದ ಪ್ರಾರ್ಥನೆಗೆ
ಕೂಡಿದ ಟೋಪಿ ಎಂಟು.
ಹತ್ತಾಗದೆ ಕೆಲವು ಮಾತು ದೇವರಿಗೂ ಹೇಳುವಂತಿಲ್ಲ.

ಅಷ್ಟರಲ್ಲಿ ಅಷ್ದೋದಿನಿಂದ ಫೋನು:
ಸಿಯಾಲಾ ಅತ್ತೆ ಬರುತ್ತಾಳಂತೆ. ಜೊತೆಗೆ ಅವಳ ಅಳಿಯ,
ಮೊನ್ನೆ ಹದಿಮೂರು ತುಂಬಿದ ಮೊಮ್ಮಗ.
ಫೋನಿಟ್ಟು ಅಪ್ಪ ಮೊದಲು ಅಂದದ್ದು
'ತಂಗಿ ಬರುತ್ತಾಳೆ' ಅಂತಲ್ಲ,
'ಎರಡು ಟೋಪಿ' ಅಂತ.

ಮೂವತ್ತೆರಡು ವರ್ಷದ ಹಿಂದೆ
ಹೊಲಿಗೆಯಂತ್ರವನ್ನು ರಜಾಯಿಯಲ್ಲಿ ಸುತ್ತಿಕೊಂಡು ಹೋದವಳು.
ನೀನೂ ಬಾ ಅಂದಿದ್ದಳು.
ಮಳೆ ನಿಲ್ಲಲಿ ನೋಡೋಣ, ಅಂದಿದ್ದನಂತೆ ಇವನು.
ನಮ್ಮೂರಲ್ಲಿ ಮಳೆ ನಿಲ್ಲುವುದೆಂದರೆ
ಸಾಲಗಾರ ತಾನಾಗಿ ಬಾಗಿಲು ತಟ್ಟಿದ ಹಾಗೆ.

ಟ್ಯಾಕ್ಸಿಯವನಿಗೆ ಅತ್ತೆ ಬೀದಿಯ ಹಳೆಯ ಹೆಸರು ಹೇಳಿದಳು.
ಅವನು ಹುಟ್ಟುವ ಮೊದಲೇ ಸತ್ತ ಹೆಸರು.
ಅವಳ ಜಾರ್ಜಿಯನ್ ಮಾತೂ ಹಾಗೆಯೇ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ,
ಮಡಿಕೆ ಮಡಿಕೆಯಲ್ಲೂ ಕರ್ಪೂರ.
ಹುಡುಗನಿಗೆ ಬರುವ ನಮ್ಮ ಮಾತು ಎರಡೇ:
'ತಿನ್ನು', 'ಸುಮ್ಮನಿರು'.
ಅಜ್ಜಿಯ ಹತ್ತಿರ ಬೆಳೆದವನೆಂದು ಅಷ್ಟರಲ್ಲೇ ತಿಳಿಯಿತು.

ಹಿತ್ತಲಲ್ಲಿ ಏಳು ದಿನದ ಚಪ್ಪರ.
ರಿಯೋನಿ ನದಿಯ ಜೊಂಡು ಮೇಲೆ, ಹಳೆಯ ಜಮಖಾನೆ ಪಕ್ಕಕ್ಕೆ.
ದ್ರಾಕ್ಷಿಪಾಕದಲ್ಲಿ ಅದ್ದಿ ಒಣಗಿಸಿದ ಅಕ್ರೋಟಿನ ಸರಗಳು
ತೂಗುತ್ತಿದ್ದವು. ಬೇಸಿನ್‌ನಲ್ಲಿ ದಾಳಿಂಬೆ,
ಹತ್ತಿಯೊಳಗೆ ಮಗುವಿನಂತೆ ಮಲಗಿಸಿದ ಮಾದಲ ಹಣ್ಣು.
ಅತ್ತೆ ಒಂದನ್ನೂ ನೋಡಲಿಲ್ಲ. ಕತ್ತೆತ್ತಿ ಸೂರು ನೋಡಿದಳು.
'ನಕ್ಷತ್ರ ಎಲ್ಲಿ?
ಹೀಗೆ ದಟ್ಟಗೆ ಹೊದಿಸುತ್ತಾರೇನೋ ಅಬ್ರಾಮ್?
ಇದು ಚಪ್ಪರವೋ, ಮನೆಯೋ?'

ಎಪ್ಪತ್ತೆರಡರ ಹೆಂಗಸು, ಒಂದು ಮಂಡಿ ಉಕ್ಕಿನದು,
ಸ್ಟೂಲು ಹತ್ತಿಯೇಬಿಟ್ಟಳು.
ಹಿಡಿ ಹಿಡಿಯಾಗಿ ಜೊಂಡು ಕಿತ್ತಳು.
ಕಾಲು ಹಿಡಿದು ನಿಂತಿದ್ದೆವು ನಾನೂ ಅಳಿಯನೂ
ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ,
ಒಂದೇ ಬೈಗುಳ ಇಬ್ಬರೂ ನುಂಗುತ್ತ.
ಕಿಂಡಿ ಬಿತ್ತು. ನಕ್ಷತ್ರ ಇರಲಿಲ್ಲ.
ಮೋಡವಿತ್ತು, ಕಾದು ಕೂತಿದ್ದಂತೆ.

ಊಟಕ್ಕೆ ಕೂತದ್ದೇ ತಡ, ಹನಿ.
ಬಟ್ಟಲಿನ ಊಟ ಕೆಡುವಷ್ಟು ಸುರಿದರೆ ಒಳಗೆ ಹೋಗಬಹುದು,
ಶಾಸ್ತ್ರದಲ್ಲೇ ಇದೆ. ಪ್ರತಿವರ್ಷ
ಮೊದಲ ಹನಿಗೇ ತಟ್ಟೆ ಎತ್ತಿಕೊಂಡು ಓಡುವವನು ಅಪ್ಪ.
ಅತ್ತೆ ಏಳಲಿಲ್ಲ.
'ಅಲ್ಲಿ ಏಪ್ರಿಲಿನಿಂದ ಒಂದು ತೊಟ್ಟಿಲ್ಲ ಕಣೋ.
ಬೀಳಲಿ.'
ಸಾರು ತಿಳಿಯಾಗುತ್ತ ಹೋಯಿತು.
ಹುಡುಗ ಬಾಯಿ ತೆರೆದು ಮುಖ ಮೇಲೆ ಮಾಡಿದ.
'ಸುಮ್ಮನಿರು' ಅಂದಳು. 'ತಿನ್ನು' ಅಂದಳು.

ಅಪ್ಪ ಎದ್ದು ಒಳಗೆ ಹೋದ.
ಹೋದನಲ್ಲ, ಅಂದುಕೊಂಡೆ.
ಕಡ್ಡಿ ಮುರಿದ ಛತ್ರಿ ಹಿಡಿದು ಬಂದ,
ತಂಗಿಯ ಹಿಂದೆ ನಿಂತ.
ಅವಳ ತಲೆಗಲ್ಲ, ತಟ್ಟೆಗೆ ಹಿಡಿದ.
ತಲೆ ನೆನೆಯುತ್ತಲೇ ಇತ್ತು.
ಬಣ್ಣ ಹಚ್ಚಿದ ಕೂದಲು ಕಪ್ಪು ಕಪ್ಪಾಗಿ ಇಳಿದು ಕಾಲರಿಗೆ.
ಅವರಿಬ್ಬರೂ ಏನೂ ಮಾತಾಡಲಿಲ್ಲ.
ಮೂವತ್ತೆರಡು ವರ್ಷದ್ದು
ಬದನೆಕಾಯಿ ಮುಗಿಯುವುದರೊಳಗೆ ಮುಗಿಯುವಂಥದ್ದಲ್ಲ.

ಮಾರನೆಯ ಬೆಳಿಗ್ಗೆ ಹತ್ತಾದವು.
ಹತ್ತನೆಯದು ಹುಡುಗನದು, ಫುಟ್‌ಬಾಲ್ ತಂಡದ ಗುರುತಿನದು.
ಅಪ್ಪ ಎರಡು ಸಲ ಎಣಿಸಿದ, ನೋಟು ಎಣಿಸಿದ ಹಾಗೆ.

ವಿಮಾನ ಹತ್ತಿಸಿ ಬಂದಾಗ
ಅದೇ ಟೋಪಿ ನಮ್ಮನೆಯ ಮೊಳೆಯಲ್ಲಿ.
ಕಳಿಸಿಕೊಡೋಣ, ಅಂದೆ.
ಅಪ್ಪ ನೋಡಿದ.
'ಒಂಬತ್ತು' ಅಂದ.

ಕಿಂಡಿ ಹಾಗೇ ಇದೆ.
ಚಪ್ಪರ ಬಿಚ್ಚಲು ಪಕ್ಕದ ಮನೆಯಿಂದ
ಏಣಿ ಕೇಳಬೇಕು.